ರೇಟ್ ಏರಿತು ಅಂತ ಪಾಯಸ ಮಾಡುವ ಊರು

ಇದು 2024ರ ಡಿಸೆಂಬರ್‌ನ ಮಾತು. ರಾತ್ರಿ ಶಾರ್ಜಾದಿಂದ ಅಳಿಯನ ವಾಯ್ಸ್ ಮೆಸೇಜ್. "ಮಾವಾ, ದಿರ್ಹಮ್ 23 ದಾಟಿತು! ಸಾಲ ಮಾಡಿಯಾದ್ರೂ ಈ ತಿಂಗಳು ಊರಿಗೆ ದುಡ್ಡು ಹಾಕ್ಬೇಕು." ದನಿ ಕೇಳಿದರೆ ಲಾಟರಿ ಹೊಡೆದ ಹಾಗಿತ್ತು. ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ, ಎಲ್ಲಿ ಹೋದರೂ ಇದೇ ಕತೆ. ನಮ್ಮಲ್ಲಿ ರೇಟ್ ಅಂದರೆ ಒಂದೋ ಅಡಿಕೆಯದ್ದು, ಇಲ್ಲ ದಿರ್ಹಮ್‌ನದ್ದು, ಅಂದರೆ ದುಬೈ, ಶಾರ್ಜಾ ಇರುವ ಯುಎಇ ದೇಶದ ಒಂದು ದಿರ್ಹಮಿಗೆ ಎಷ್ಟು ರೂಪಾಯಿ ಅಂತ. ಟಿವಿಯಲ್ಲಿ ರೂಪಾಯಿ ಪಾತಾಳಕ್ಕೆ ಬಿತ್ತು ಅಂತ ಬೊಬ್ಬೆ ಹೊಡೀತಾ ಇರುತ್ತಾರೆ, ಇಲ್ಲಿ ಮನೆಮನೆಯಲ್ಲಿ ಒಳಗೊಳಗೇ ಖುಷಿ.

ನಾನೂ ಹಾಗೇ ಇದ್ದವನು. ಹದಿನೈದು ವರ್ಷ ದುಬೈಯಲ್ಲಿದ್ದೆ. ಹಾಗಾಗಿ ಇದನ್ನು ಉಪದೇಶ ಅಂದುಕೊಳ್ಳಬೇಡಿ, ಪೆಟ್ಟು ತಿಂದವನ ಮಾತು.

ಮೊದಲನೆಯದಾಗಿ, ದಿರ್ಹಮ್ ಏರುವುದೇ ಇಲ್ಲ ಮಾರಾಯ್ರೇ. ಒಂದು ಡಾಲರಿಗೆ 3.6725 ದಿರ್ಹಮ್, 1997ರಿಂದ ಅಷ್ಟೇ. ಗೂಟಕ್ಕೆ ಕಟ್ಟಿದ ದನದ ಹಾಗೆ ಅದು ಅಲ್ಲೇ ನಿಂತಿದೆ. ಕೆಳಗೆ ಹೋಗುತ್ತಾ ಇರುವುದು ನಮ್ಮ ರೂಪಾಯಿ. ನಾವು ರೇಟ್ ಏರಿತು ಅಂತೇವೆ, ಅಷ್ಟೇ.

ಅಜ್ಜನ ಕಾಲದಲ್ಲಿ ರೇಟ್ ಅನ್ನುವ ಸಂಗತಿಯೇ ಇರಲಿಲ್ಲ ಅಂದರೆ ಇಂದಿನ ಹುಡುಗರು ನಂಬುವುದಿಲ್ಲ. ದುಬೈ, ಕತಾರ್, ಕುವೈತ್ ಎಲ್ಲ ಕಡೆ ಓಡುತ್ತಿದ್ದದ್ದು ನಮ್ಮದೇ ರೂಪಾಯಿ! ಆ ರೂಪಾಯಿ ಕೊಟ್ಟು ಅಲ್ಲಿಂದ ಕದ್ದು ಚಿನ್ನ ತರುವುದು ಜಾಸ್ತಿಯಾಗಿ, ಇಲ್ಲಿಯ ವಿದೇಶಿ ವಿನಿಮಯ ಸೋರತೊಡಗಿತು. ಅದಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕೇ ಕೊಲ್ಲಿ ದೇಶಗಳಿಗೆ ಅಂತ ಬೇರೆ ನೋಟು ಅಚ್ಚು ಹಾಕಿಸಿತು. ಬಣ್ಣ ಬೇರೆ, ನಂಬರಿನ ಮುಂದೆ ಝಡ್ ಅಕ್ಷರ, ಆದರೆ ಬೆಲೆ ಒಂದಕ್ಕೊಂದು ಸಮ. ಗಲ್ಫ್ ರೂಪಾಯಿ ಅಂತ ಹೆಸರು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡವು. 1966ರ ಜೂನ್ 6ಕ್ಕೆ ನಮ್ಮ ಸರ್ಕಾರ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿತು. ಯೋಚನೆ ಮಾಡಿ, ದುಬೈಯ ಅಂಗಡಿಯವನು ರಾತ್ರಿ ಪೆಟ್ಟಿಗೆಗೆ ಬೀಗ ಹಾಕಿ ಮಲಗಿದ್ದಾನೆ, ಬೆಳಿಗ್ಗೆ ಏಳುವಾಗ ಒಳಗಿದ್ದ ದುಡ್ಡಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮಾಯ, ಅದೂ ದೆಹಲಿಯಲ್ಲಿ ಕೂತವರು ಮಾಡಿದ ತೀರ್ಮಾನಕ್ಕೆ. ಯಾರು ಇಟ್ಟುಕೊಳ್ಳುತ್ತಾರೆ ಇಂಥ ರೂಪಾಯಿ? ದುಬೈ, ಕತಾರ್ ಆ ವರ್ಷವೇ ಕೈಬಿಟ್ಟವು. ಒಮಾನ್ ಮಾತ್ರ 1970ರವರೆಗೆ ಎಳೆಯಿತು.

ದಿರ್ಹಮ್ ಬಂದದ್ದು 1973ರ ಮೇಯಲ್ಲಿ. ಆಗ ಹೆಚ್ಚುಕಡಿಮೆ 2 ರೂಪಾಯಿ. 1991ರ ಜುಲೈಯಲ್ಲಿ ಮೂರು ದಿನದೊಳಗೆ ಎರಡು ಸಲ ರೂಪಾಯಿ ಇಳಿಸಿದ ಮೇಲೆ 7ರ ಆಸುಪಾಸು, 1993ರಲ್ಲಿ ಎಂಟೂವರೆ.

ಇನ್ನು ನನ್ನ ಬಿಸ್ಕತ್ತು ಡಬ್ಬಿ. ದುಡ್ಡು ಕಳಿಸಿದ ಚೀಟಿಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದೇನೆ, ಕೆಲವು ಅಕ್ಷರ ಮಾಸಿ ಬರೀ ಹಳದಿ ಕಾಗದ. 2002ರ ಒಂದರಲ್ಲಿ 13.15 ಅಂತ ಓದಲಿಕ್ಕಾಗುತ್ತದೆ. 2008ರ ಜನವರಿಯದ್ದರಲ್ಲಿ 10.62! ಹೌದು, ಇಳಿದದ್ದೂ ಉಂಟು. ಆ ಹೊತ್ತಿಗೆ ದುಬೈಯಲ್ಲಿ ರೂಮ್ ಬಾಡಿಗೆ ಆಕಾಶಕ್ಕೆ, ಡಾಲರ್ ನೆಲಕ್ಕೆ. ಕುವೈತ್ 2007ರ ಮೇಯಲ್ಲೇ ಬರೀ ಡಾಲರಿಗೆ ಕಟ್ಟಿದ ಹಗ್ಗ ಬಿಚ್ಚಿಕೊಂಡಿತು, ಯುಎಇ ಬಿಚ್ಚಲಿಲ್ಲ. ಅದೇ ಸಂಬಳ, ಊರಿಗೆ ಬರುವುದು ಕಡಿಮೆ. ಅಮ್ಮ ಫೋನಲ್ಲಿ "ಯಾಕೋ ಕಮ್ಮಿ ಹಾಕಿದ್ದಿ?" ಅಂತ ಕೇಳಿದಾಗ ಡಾಲರಿನ ಕತೆ ಹೇಳಿ ಪ್ರಯೋಜನ ಉಂಟಾ?

ಪೆಟ್ಟು ಬಿದ್ದದ್ದು 2013ರಲ್ಲಿ. ಆಗಸ್ಟ್ ಕೊನೆಗೆ ಡಾಲರ್ 68 ದಾಟಿತು, ದಿರ್ಹಮ್ 18.70ರ ಹತ್ತಿರ. ಕ್ಯಾಂಪಿನಲ್ಲಿ ಎಲ್ಲರೂ ಸಾಲಕ್ಕೆ ಓಡಿದರು, ನಾನೂ ಓಡಿದೆ. ಅಲ್ಲಿಯ ಒಂದು ಬ್ಯಾಂಕಿನಲ್ಲಿ 50,000 ದಿರ್ಹಮ್, ನಾಲ್ಕು ವರ್ಷಕ್ಕೆ, ಬಡ್ಡಿ ಶೇ. 6. ಆಗ ಊರಲ್ಲಿ ಎನ್‌ಆರ್‌ಇ ಠೇವಣಿಗೆ, ಅಂದರೆ ಹೊರದೇಶದಲ್ಲಿ ದುಡಿಯುವವರು ಊರಿನ ಬ್ಯಾಂಕಿನಲ್ಲಿ ಇಡುವ ಠೇವಣಿಗೆ, ಶೇ. 9 ಸಿಗುತ್ತಿತ್ತು, ತೆರಿಗೆಯೂ ಇರಲಿಲ್ಲ. ಸುಮ್ನೆ ಕೂತು ಶೇ. 3 ಲಾಭ ಅಲ್ವಾ? ಸಾಲ ಪಾಸಾಗಿ ದುಡ್ಡು ಕೈಗೆ ಬರುವಾಗ ಸೆಪ್ಟೆಂಬರ್ ಕೊನೆ. ಅಷ್ಟರಲ್ಲಿ ರಿಸರ್ವ್ ಬ್ಯಾಂಕಿಗೆ ಗವರ್ನರ್ ಆಗಿ ರಘುರಾಮ್ ರಾಜನ್ ಬಂದಾಗಿತ್ತು, ರೂಪಾಯಿ ಚೇತರಿಸಿಕೊಂಡಿತ್ತು, ನನಗೆ ಸಿಕ್ಕಿದ್ದು 17. ಅದೂ ಹೋಗಲಿ. ಆ ಶೇ. 6 ಅನ್ನುವುದು ಫ್ಲ್ಯಾಟ್ ಬಡ್ಡಿ. ಅಂದರೆ ಕಂತು ಕಟ್ಟುತ್ತಾ ಅಸಲು ಕರಗಿದರೂ ಕೊನೆಯ ತಿಂಗಳವರೆಗೆ ಪೂರ್ತಿ 50,000ಕ್ಕೇ ಬಡ್ಡಿ. ವರ್ಷಕ್ಕೆ 3,000, ನಾಲ್ಕು ವರ್ಷಕ್ಕೆ 12,000 ದಿರ್ಹಮ್. ನಮ್ಮ ಊರಿನ ಬ್ಯಾಂಕಿನ ಲೆಕ್ಕದಲ್ಲಿ ಹೇಳಿದರೆ ಅದು ಶೇ. 11! ಲೆಕ್ಕದ ಮೇಷ್ಟ್ರಾಗಿದ್ದ ಭಾವನಿಗೆ ಚೀಟಿ ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, "ನೀನು ಬ್ಯಾಂಕಿಗೆ ದಾನ ಮಾಡಿದ್ದು ಮಾರಾಯ" ಅಂದರು.

ರೇಟ್ ಏರಿದರೆ ಲಾಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಊರಲ್ಲಿ ರೂಪಾಯಿಯ ಸಾಲ ಇದ್ದವನಿಗೆ ಖಂಡಿತ ಲಾಭ, ಕಂತು ಹಗುರ ಆಗುತ್ತದೆ. ಆದರೆ ಮಗಳ ಮದುವೆಗೆ ಅಂತ ಕೂಡಿಸುವವನ ಲೆಕ್ಕ ನೋಡಿ. 2008ರ ಜನವರಿಯಲ್ಲಿ ಚಿನ್ನ ಪವನಿಗೆ, ಅಂದರೆ ಎಂಟು ಗ್ರಾಮಿಗೆ, 9 ಸಾವಿರದೊಳಗೆ. ಸಾವಿರ ದಿರ್ಹಮ್ ಕಳಿಸಿದರೆ ಒಂದು ಪವನ್ ತೆಗೆದು ಮೀನಿಗೂ ದುಡ್ಡು ಉಳಿಯುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಪವನ್ 57 ಸಾವಿರದ ಸುತ್ತ. ಅದೇ ಸಾವಿರ ದಿರ್ಹಮಿಗೆ 23 ಸಾವಿರ, ಅರ್ಧ ಪವನೂ ಬರುವುದಿಲ್ಲ. ಚಿನ್ನ ಡಾಲರಿನಲ್ಲೂ ಏರಿದೆ, ಒಪ್ಪಿದೆ. ಆದರೆ ರೇಟ್ 10ರಿಂದ 23 ಆಯಿತು ಅಂತ ಪಾಯಸ ಮಾಡುವವರು ಯಾರಾದರೂ ಚಿನ್ನದಂಗಡಿಗೆ ಹೋಗಿ ಆ ಖುಷಿ ತೋರಿಸಲಿ ನೋಡುವಾ.

ಅಳಿಯನಿಗೆ ಇಷ್ಟೆಲ್ಲ ಹೇಳುವ ತಾಳ್ಮೆ ನನಗಿರಲಿಲ್ಲ. ಸಾಲದ ಕಾಗದದಲ್ಲಿ ಬಡ್ಡಿ ಯಾವ ತರದ್ದು ಅಂತ ಬರೆದಿದ್ದಾರೆ ನೋಡಿ ಹೇಳು ಅಂದೆ. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಮೆಸೇಜ್ ಬಂತು:

"ಫ್ಲ್ಯಾಟ್ ಅಂತ ಉಂಟು ಮಾವಾ. ಅಂದ್ರೆ ಏರಿಳಿತ ಇಲ್ಲ, ಒಳ್ಳೇದೇ ಅಲ್ವಾ?"