ಬೀಗದಕೈ ಉಡಿದಾರಕ್ಕೆ ಕಟ್ಟಿಕೊಳ್ಳಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಮಗನ ಮನೆಗೋ ಮಗಳ ಬಾಣಂತನಕ್ಕೋ ಜರ್ಮನಿಗೆ ಹೊರಟವರು ಹೆದರುವುದು ಭಾಷೆಗೆ. ಹೆದರಬೇಕಾದದ್ದು ಬಾಗಿಲಿಗೆ. ಭಾಷೆಗಾದರೆ ಕೈಸನ್ನೆ ಇದೆ. 'ಡಾಂಕೆ' ಅಂದರೆ ಧನ್ಯವಾದ ಅಂತ ಕಲಿತರೆ ಮೂರು ತಿಂಗಳು ಹೇಗೋ ಕಳೆಯುತ್ತದೆ. ವೀಸಾದಲ್ಲಿ ಇರಲು ಬಿಡುವುದೂ ಅಷ್ಟೇ, 180 ದಿನಗಳಲ್ಲಿ 90.

ಬ್ಯಾಗು ಕಟ್ಟುವಾಗಲೇ ಕೆಲವು ಪೆಟ್ಟು ಬೀಳುತ್ತವೆ. ಅರಸೀಕೆರೆ ಸೀಮೆಯವರು ಮರೆಯದೆ ತುಂಬುವ ಕೊಬ್ಬರಿ ಗಿಟುಕು ವಿಮಾನ ಹತ್ತುವಂತಿಲ್ಲ. ಅದರ ಎಣ್ಣೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಸನ್ಯಾಸಿಯ ಹಾಗೆ ಕೂತಿದ್ದ ಕಾಯಿಗೆ ಇಂಥ ಆರೋಪ! ಮನೆಯ ತುಪ್ಪಕ್ಕೂ ಪ್ರವೇಶವಿಲ್ಲ, ಹೊರಗಿನ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಯುರೋಪಿಗೆ ಒಯ್ಯುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ತಪಾಸಣೆಯವರ ಪಾಲು, ದೊಡ್ಡ ಪೆಟ್ಟಿಗೆಯಲ್ಲಿದ್ದರೆ ನಿಮ್ಮ ಪಾಲು. ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಟೇಪು ಬಿಗಿದು, ಹಳೇ ಸೀರೆಯ ನಡುವೆ ಇಡಿ. ಹೊಸ ಸೀರೆಯ ನಡುವೆ ಬೇಡ.

ಇನ್ನು ಬಾಗಿಲು. ನಮ್ಮಲ್ಲಿ ಬಾಗಿಲು ಎಳೆದುಕೊಂಡು ಹೋಗುವುದಕ್ಕೂ ಬೀಗ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಎಳೆದರೆ 'ಇಲ್ಲೇ ಪಕ್ಕದಲ್ಲಿದ್ದೀವಿ' ಎಂದರ್ಥ, ಬೀಗ ಹಾಕಿದರೆ 'ಊರಿಗೆ ಹೋಗಿದ್ದಾರೆ' ಎಂದರ್ಥ. ಜರ್ಮನಿಯ ಫ್ಲ್ಯಾಟಿನ ಬಾಗಿಲಿಗೆ ಈ ಸೂಕ್ಷ್ಮ ತಿಳಿಯದು. ಅದಕ್ಕೆ ಒಳಗಡೆ ಮಾತ್ರ ಹಿಡಿ. ಹೊರಗಡೆ ಇರುವುದು ತಿರುಗದ ಒಂದು ಗುಂಡು. ಗಾಳಿಗೆ ತಾನೇ ಹಾಕಿಕೊಂಡರೂ ನಾಲಿಗೆ ಚಟ್ಟನೆ ಕೂರುತ್ತದೆ, ಆಮೇಲೆ ಬೀಗದಕೈ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. 'ಬೀಗಾನೇ ಹಾಕಿಲ್ವಲ್ಲೋ ಮಗಾ!' ಎಂದು ಅಪ್ಪ ಪಂಚೆಯಲ್ಲಿ, ಕೈಯಲ್ಲಿ ಖಾಲಿ ಕಸದ ಬುಟ್ಟಿ ಹಿಡಿದು, ಮೆಟ್ಟಿಲ ಮೇಲೆ ನಿಂತು ಹೇಳಬೇಕೆಂದರೆ ಫೋನು ಬೇಕು. ಫೋನು ಒಳಗೆ ಚಾರ್ಜಿಗಿದೆ.

ಮಗ ಓಡಿ ಬಂದರೂ ಕೆಲಸ ಕೆಡಬಹುದು. ಒಳಗಡೆಯಿಂದ ಒಂದು ಕೀ ಬೀಗದಲ್ಲೇ ಸಿಕ್ಕಿಸಿಟ್ಟಿದ್ದರೆ ಎಷ್ಟೋ ಬೀಗಗಳು ಹೊರಗಿನ ಕೀಗೆ ಬಗ್ಗುವುದಿಲ್ಲ. ಹಾಗಾಗಿ ಕೀ ಬೀಗದಲ್ಲಿ ಬಿಡಬೇಡಿ, ಪಕ್ಕದ ಗೂಟಕ್ಕೂ ಹಾಕಬೇಡಿ, ಮೈಮೇಲೆ ಇಟ್ಟುಕೊಳ್ಳಿ. ಪಂಚೆಗೆ ಜೇಬಿಲ್ಲ, ಉಡಿದಾರವಿದೆ. ಹೆಂಗಸರಿಗೆ ಸೊಂಟದ ಸೆರಗಿನ ಗಂಟು ಇದ್ದೇ ಇದೆ. ಇನ್ನೊಂದು ಕೀ ಎದುರುಮನೆಯವರ ಹತ್ತಿರ ಇರಲಿ. ಬೀಗ ತೆಗೆಯುವವನನ್ನು ಕರೆಯಲೇಬೇಕಾದರೆ ಮೊದಲು ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಬರೀ ಎಳೆದುಕೊಂಡ ಬಾಗಿಲನ್ನು ಕಸುಬು ಬಲ್ಲವನು ಬೀಗ ಕೊರೆಯದೆಯೇ ತೆಗೆಯುತ್ತಾನೆ. ಬಂದವನೇ ಡ್ರಿಲ್ಲಿಂಗ್ ಮೆಷೀನು ಹೊರತೆಗೆದರೆ ಅನುಮಾನಪಡಿ. ಒಲೆಯ ಮೇಲೆ ಸಾರು ಕುದಿಯುತ್ತಿದೆ ಎಂದಾದರೆ ಯೋಚನೆಯೇ ಬೇಡ, 112.

ಇದೆಲ್ಲ ಆಗುವುದು ಭಾನುವಾರವೇ. ಭಾನುವಾರ ಕರೆದರೆ ಬೀಗ ತೆಗೆಯುವವನ ಕೂಲಿ ಜಾಸ್ತಿ. ಜರ್ಮನಿಯ ಹಿಂದಿನ, 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಪಾಡಿತು, ಇಂದಿನ ಸಂವಿಧಾನವೂ ಅದನ್ನು 140ನೇ ವಿಧಿಯ ಮೂಲಕ ಹಾಗೇ ಉಳಿಸಿಕೊಂಡಿದೆ. ಅಂಗಡಿಗಳು ಮುಚ್ಚಿರುತ್ತವೆ. ಬ್ರೆಡ್ಡಿನ ಅಂಗಡಿ ಕೆಲವು ಗಂಟೆ ತೆರೆಯಬಹುದು, ದೊಡ್ಡ ರೈಲು ನಿಲ್ದಾಣದಲ್ಲೂ ಪೆಟ್ರೋಲ್ ಬಂಕಿನಲ್ಲೂ ಹಾಲು ಸಿಗಬಹುದು, ದುಬಾರಿಗೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಗೆ ಕಾಯುವ ಜನಕ್ಕೆ ವಾರಕ್ಕೊಮ್ಮೆ ಬಾಗಿಲು ಹಾಕುವ ಅಂಗಡಿ ದೊಡ್ಡ ಕಷ್ಟವಾಗಬಾರದು. ಆದರೂ ಆಗುತ್ತದೆ, ಯಾಕೆಂದರೆ ಹಾಲು ಮುಗಿಯುವುದು ಶನಿವಾರ ರಾತ್ರಿ.

ಕಿಟಕಿಯ ಕಥೆಯೇ ಬೇರೆ. ಒಂದೇ ಹಿಡಿಗೆ ಮೂರು ಸ್ಥಾನ. ಕೆಳಗೆ ತಿರುಗಿಸಿದರೆ ಮುಚ್ಚಿದೆ, ಅಡ್ಡಕ್ಕೆ ತಿರುಗಿಸಿದರೆ ಬಾಗಿಲಿನ ಹಾಗೆ ಒಳಕ್ಕೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ತಲೆಯಷ್ಟೇ ಒಳಕ್ಕೆ ವಾಲುತ್ತದೆ. ಪೂರ್ತಿ ತೆರೆದಿರುವಾಗಲೇ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಮಾತ್ರ ಮೇಲಿನ ಹಿಡಿತ ಬಿಟ್ಟು, ಇಡೀ ಕಿಟಕಿ ಕೆಳಗಿನ ಒಂದು ಮೂಲೆಯಲ್ಲಿ ಓಲಾಡತೊಡಗುತ್ತದೆ. 'ಅಯ್ಯೋ, ಕಿಟಕಿನೇ ಕಿತ್ಕಂಡ್ ಬಂತಲ್ಲಪ್ಪ!' ಎಂದು ಅಮ್ಮ ಅದನ್ನು ತಬ್ಬಿ ನಿಂತರೆ, ಪಾಪ, ಮಗ ಆಫೀಸಿನಿಂದ ಬರುವವರೆಗೂ ನಿಂತೇ ಇರಬೇಕು. ಕಿಟಕಿ ಬೀಳುವುದಿಲ್ಲ, ಆದರೆ ಭಾರವಿದೆ, ಎಳೆದಾಡಬೇಡಿ. ಕೀಲು ಇರುವ ಕಡೆಯ ಮೇಲಿನ ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು ಹಿಡಿಯನ್ನು ಅಡ್ಡಕ್ಕೆ ತನ್ನಿ. ತಿರುಗದಿದ್ದರೆ ಹಿಡಿಯ ಹತ್ತಿರ, ಕಿಟಕಿಯ ಅಂಚಿನಲ್ಲಿ, ಪುಟ್ಟ ತಡೆಪಟ್ಟಿಯೊಂದು ಇರುತ್ತದೆ. ಅದನ್ನು ಬೆರಳಲ್ಲಿ ಒತ್ತಿಕೊಂಡೇ ತಿರುಗಿಸಬೇಕು. ಆಮೇಲೆ ಮುಚ್ಚಿ, ಹಿಡಿ ಕೆಳಕ್ಕೆ.

ಕಿಟಕಿ ತೆರೆಯದೆ ವಿಧಿಯೂ ಇಲ್ಲ. ಮಲಗುವ ಕೋಣೆಗೂ ನಡುವಿನ ಓಣಿಗೂ ಹೊಗೆ ಕಂಡರೆ ಕಿರುಚುವ ಯಂತ್ರ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಗೂ ಮನೆಗೆ ಬೆಂಕಿ ಬಿದ್ದದ್ದಕ್ಕೂ ಅದಕ್ಕೆ ಭೇದವಿಲ್ಲ. ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ಪೂರ್ತಿ ತೆರೆದು, ಆಮೇಲೆ ಸಾಸಿವೆ ಹಾಕಿ. ಗಾಬರಿಯಲ್ಲಿ ಮೆಟ್ಟಿಲ ಕಡೆಯ ಬಾಗಿಲು ತೆರೆದರೆ ಘಾಟು ಮೂರೂ ಅಂತಸ್ತಿಗೆ ಹೋಗುತ್ತದೆ.

ಬಚ್ಚಲಿಗೆ ಬಂದರೆ, ಅಲ್ಲಿಯದು ಬಚ್ಚಲೇ ಅಲ್ಲ. ನಮ್ಮ ಬಚ್ಚಲುಮನೆಯಲ್ಲಿ ಹಂಡೆಯ ನೀರು ಎಲ್ಲಿ ಸುರಿದರೂ ಮೂಲೆಯ ತೂತಿಗೆ ಹೋಗುತ್ತದೆ. ಅಲ್ಲಿ ಹೆಚ್ಚಿನ ಮನೆಗಳಲ್ಲಿ ಸ್ನಾನದ ತೊಟ್ಟಿಗೋ ಗಾಜಿನ ಗೂಡಿಗೋ ಮಾತ್ರ ತೂತು, ಉಳಿದ ನೆಲಕ್ಕಿಲ್ಲ. ನಾಲ್ಕು ಚೊಂಬು ಹೊರಗೆ ಬಿದ್ದರೆ ಅದು ಹೋಗುವ ದಾರಿ ಕೆಳಮನೆಯವರ ಸೂರು. ಸ್ನಾನ ಗೂಡಿನೊಳಗೇ ಮುಗಿಯಲಿ, ಪರದೆಯಿದ್ದರೆ ಅದರ ತುದಿ ತೊಟ್ಟಿಯೊಳಗಿರಲಿ. ನೆಲ ತೊಳೆಯುವುದೆಂದರೆ ಒದ್ದೆಬಟ್ಟೆಯಲ್ಲಿ ಒರೆಸುವುದು, ಬಕೆಟ್ಟು ಚೆಲ್ಲುವುದಲ್ಲ. ಸ್ನಾನವಾದ ಮೇಲೆ ಐದು-ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆದಿಡಿ, ಚಳಿಗಾಲದಲ್ಲೂ. ಇಲ್ಲದಿದ್ದರೆ ಗೋಡೆಗೆ ಕರೀ ಬೂಷ್ಟು ಹಿಡಿಯುತ್ತದೆ. ಮೂಡಿಗೆರೆಯ ಆಷಾಢ ಕಂಡವರಿಗೆ ಬೂಷ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಉಳಿದದ್ದು ಮಿಕ್ಸಿ. ಕರೆಂಟು ಅಲ್ಲೂ 230 ವೋಲ್ಟು, 50 ಹರ್ಟ್ಸು, ಊರಿನ ಮಿಕ್ಸಿ ಸಲೀಸಾಗಿ ತಿರುಗುತ್ತದೆ; ಮೂರು ಕಾಲಿನ ಪ್ಲಗ್ಗು ಮಾತ್ರ ಅಲ್ಲಿಯ ದುಂಡು ಗುಳಿಯ ಸಾಕೆಟ್ಟಿಗೆ ಹೋಗದು, ಅಡಾಪ್ಟರ್ ಬೇಕು. ತೊಂದರೆ ಇರುವುದು ಸದ್ದಿನಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಶ್ಶಬ್ದ, ಭಾನುವಾರ ಇಡೀ ದಿನ. ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವುದನ್ನೂ ಅವತ್ತು ಒಪ್ಪುವುದಿಲ್ಲ. ಅಂಥ ಭಾನುವಾರ ಬೆಳಿಗ್ಗೆ ಏಳಕ್ಕೆ ಕಡಲೆಬೇಳೆ ಹಾಕಿ ಗರ್ರ್ ಅನ್ನಿಸಿದರೆ ಕೆಳಮನೆಯಾಕೆ ನೈಟ್‌ಗೌನಿನಲ್ಲೇ ಮೇಲೆ ಬರುತ್ತಾರೆ. ರುಬ್ಬಲೇಬೇಕೆಂದರೆ ಹೊತ್ತೇರಿದ ಮೇಲೆ, ನಾಲ್ಕು ಮಡಿಕೆ ಟವೆಲ್ಲಿನ ಮೇಲೆ ಮಿಕ್ಸಿ ಇಟ್ಟು, ಐದೈದು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಶನಿವಾರ ಸಂಜೆಯೇ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ವಾಸಿ. ಕಾಯಿ ಚಟ್ನಿ ಬೆಳಗಾಗುವಷ್ಟರಲ್ಲಿ ತುಸು ಹುಳಿ ತಿರುಗಿರುತ್ತದೆ. ಅಕ್ಕಿರೊಟ್ಟಿಗೆ ಅದೇನೂ ಕೆಟ್ಟ ಜೋಡಿಯಲ್ಲ.