ಮುಟ್ಟಿನ ದಿನಗಳ ಅಭ್ಯಾಸ: ಆ ಮೆಸೇಜ್ ಸರಿಯಿಲ್ಲ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಬಾಕ್ಸಿಂಗ್, ಜೂಡೋ ಕಲಿಯುವ ಹುಡುಗಿಯರು ಮುಟ್ಟಿನ ದಿನಗಳಲ್ಲಿ ಅಭ್ಯಾಸವನ್ನೇ ಮಾಡಬಾರದು, ಮುಟ್ಟು ಶುರುವಾದ ದಿನದಿಂದ 14ನೇ ದಿನ ಸ್ಪಾರಿಂಗ್ (ಜೊತೆಗಾರ್ತಿಯೊಂದಿಗೆ ಅಭ್ಯಾಸದ ಸೆಣಸಾಟ) ಮಾಡಿದರೆ ಮೊಣಕಾಲು ಹೋಗುತ್ತದೆ ಎಂದು ಅದರಲ್ಲಿದೆ. ಎರಡೂ ಸರಿಯಲ್ಲ.

78 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದು 2020ರಲ್ಲಿ ಬಂದಿದೆ. ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಇಳಿಯಬಹುದು, ಆದರೆ ಸರಾಸರಿಯಲ್ಲಿ ಅದು ತೀರಾ ಅಲ್ಪ ಎನ್ನುತ್ತದೆ ಅದು. ಎಲ್ಲರಿಗೂ ಒಂದೇ ನಿಯಮ ಬೇಡ, ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಿ ಎಂದೂ ಹೇಳುತ್ತದೆ. ಇನ್ನು 14ನೇ ದಿನದ ಮಾತು. ಹದಿಹರೆಯದಲ್ಲಿ ಮುಟ್ಟಿನ ಚಕ್ರ (ಒಂದು ಮುಟ್ಟಿನ ಶುರುವಿನಿಂದ ಮುಂದಿನದರವರೆಗೆ) 21ರಿಂದ 45 ದಿನದವರೆಗೂ ಇರುತ್ತದೆ. ಎಲ್ಲರಿಗೂ ಒಂದೇ ದಿನ ಹೇಗೆ ಹೊಂದುತ್ತದೆ, ಅಲ್ವಾ? ಸ್ಪಾರಿಂಗ್ ನಿಲ್ಲಿಸುವಷ್ಟು ಪುರಾವೆಯೂ ಇಲ್ಲ.

ಕೆಲಸಕ್ಕೆ ಬರುವುದು ಲೆಕ್ಕದ ಪುಸ್ತಕ. ಅಭ್ಯಾಸ ಮುಗಿದು ಅರ್ಧ ಗಂಟೆಯ ನಂತರ, ಎಷ್ಟು ಕಷ್ಟವಾಯಿತು ಎಂದು ಹುಡುಗಿಯೇ 0ಯಿಂದ 10ರೊಳಗೆ ಅಂಕ ಕೊಡಲಿ. ಅದನ್ನು ನಿಮಿಷಗಳಿಂದ ಗುಣಿಸಿ. 60 ನಿಮಿಷಕ್ಕೆ 7 ಕೊಟ್ಟರೆ 420, ಅದೇ ಆ ದಿನದ ಅಭ್ಯಾಸದ ಹೊರೆ. ಪಕ್ಕದಲ್ಲಿ ನಿದ್ದೆ, ನೋವು, ಮುಟ್ಟಿನ ದಿನಾಂಕ ಬರೆಯಲಿ (ಅವಳು ಒಪ್ಪಿದರೆ ಮಾತ್ರ, ಗುಂಪಿನಲ್ಲಿ ಹಾಕುವ ವಿಷಯವಲ್ಲ). ಕೆಲವು ತಿಂಗಳಲ್ಲಿ ಅವಳದೇ ಲಯ ಕಾಣಬಹುದು. ನೋವು ಜಾಸ್ತಿ ಇದ್ದ ದಿನ ಅಭ್ಯಾಸ ಕಡಿಮೆ ಮಾಡಿ, ಇಲ್ಲದಿದ್ದರೆ ಎಂದಿನಂತೆ.

ಮುಟ್ಟಿಗೆ ಮುಂಚೆ ಕೆಲವರಿಗೆ ಮೈಯಲ್ಲಿ ನೀರು ನಿಂತು ತೂಕ ಏರುತ್ತದೆ. ಅದು ಕೊಬ್ಬಲ್ಲ, ಊಟ ಬಿಡಿಸಬೇಡಿ. ಮೂರು ತಿಂಗಳು ಮುಟ್ಟೇ ಬಾರದಿದ್ದರೆ ಡಾಕ್ಟರಿಗೆ ತೋರಿಸಿ.

ಆ ಮೆಸೇಜ್ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.