ಲಾರಿ ತಗೊಳ್ಳುವಾಗ ಕೇಳದವರು ಅದು ನಿಂತಾಗ ಮಾತ್ರ ನನ್ನನ್ನ ಕೇಳ್ತೀರಲ್ಲ

ಮೂರು ದಿನ ಆಯ್ತು, ಹೊಟ್ಟೆಯೊಳಗಿನ ಸಂಕಟ ಇಳೀತಿಲ್ಲ. ಅದಕ್ಕೇ ಬರೀತಿದೀನಿ. ಸ್ಟೇರಿಂಗ್ ಹಿಡಿದು 23 ವರ್ಷ ಆಯ್ತು, ಅದಕ್ಕೂ ಮುಂಚೆ ನಾಲ್ಕು ವರ್ಷ ಕ್ಲೀನರ್ ಆಗಿದ್ದೆ. ಮಂಗಳೂರು–ಬೆಂಗಳೂರು ರೋಡಲ್ಲಿ ಯಾವ ತಿರುವಿಗೆ ಯಾವ ಗೇರು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಇಷ್ಟು ವರ್ಷದಲ್ಲಿ ನಾಲ್ಕು ಓನರ್ ಹತ್ರ ಏಳು ಗಾಡಿ ಓಡಿಸಿದೀನಿ. ಹೊಸ ಗಾಡಿ ಬುಕ್ ಮಾಡೋ ಮುಂಚೆ "ಓಡಿಸೋನು ನೀನು, ಯಾವುದು ತಗೊಂಡ್ರೆ ಒಳ್ಳೇದಪ್ಪ" ಅಂತ ಒಬ್ಬರೂ ಒಂದು ಸಲ ಕೇಳಿಲ್ಲ. ಶೋರೂಮಿಗೆ ಹೋಗೋರು ಓನರ್ರು, ಅವರ ಭಾಮೈದ, ಸಾಲ ಕೊಡೋ ಫೈನಾನ್ಸಿನವನು. ಗಾಡಿ ಮನೆ ಮುಂದೆ ಬಂದು ಪೂಜೆಗೆ ನಿಂತ ಮೇಲೆ ನಿಂಬೆಹಣ್ಣು ಹತ್ತಿಸೋಕೆ ನನ್ನನ್ನ ಕರೀತಾರೆ.

ಮೊನ್ನೆ ಮಂಗಳೂರಿನ ಪಣಂಬೂರಲ್ಲಿ ಅರಸೀಕೆರೆಗೆ ಗೊಬ್ಬರ ಲೋಡ್ ಮಾಡ್ಕೊಂಡು ಸಂಜೆ ಹೊರಟೆ. ಹತ್ತು ಚಕ್ರದ ಗಾಡಿ, ಬಿಎಸ್ ಸಿಕ್ಸ್, ಅಂದ್ರೆ ಹೊಗೆ ಕಮ್ಮಿ ಮಾಡೋ ಹೊಸ ನಿಯಮದ ಎಂಜಿನ್ನು, ಇನ್ನೂ ಮೂರು ವರ್ಷ ತುಂಬಿಲ್ಲ. ಗುಂಡ್ಯದಲ್ಲಿ ಊಟ ಮುಗಿಸಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದಾಗ ಹನ್ನೊಂದೂವರೆ ಇರಬಹುದು. ಮಳೆ ಅಂದ್ರೆ ಮಳೆ, ವೈಪರ್ ಎಷ್ಟು ಒರೆಸಿದ್ರೂ ಸಾಲ್ತಿಲ್ಲ. ಕೆಂಪುಹೊಳೆ ದಾಟಿ ಸ್ವಲ್ಪ ಮೇಲೆ ಬಂದಿದ್ದೆ, ಮೀಟರ್ ಪಕ್ಕದಲ್ಲಿ ಹಳದಿ ದೀಪ ಹತ್ಕೊಳ್ತು. ಒಂದೆರಡು ಕಿಲೋಮೀಟರ್ ಆಗಿರಬಹುದು, ಆಕ್ಸಿಲೇಟರ್ ತಳ ಮುಟ್ಟೋವರೆಗೂ ತುಳಿದ್ರೂ ಗಾಡಿ ಎಳೀತಿಲ್ಲ. ಮೂರನೇ ಗೇರಿಂದ ಎರಡು, ಎರಡರಿಂದ ಒಂದು. ಹಿಂದೆ ಸ್ಲೀಪರ್ ಬಸ್ಸುಗಳ ಸಾಲು. ಹಾರ್ನ್ ಮೇಲೆ ಹಾರ್ನ್. ಒಬ್ಬ ಕಾರಿನವನು ಓವರ್‌ಟೇಕ್ ಮಾಡ್ತಾ ಕಿಟಕಿ ಇಳಿಸಿ, ನನ್ನ ತಾಯಿ ಹೆಸರೆತ್ತಿ ಬೈದು ಹೋದ.

ಡೀಸೆಲ್ ಇದೆ. ಹೊಗೆ ಶುದ್ಧ ಮಾಡೋಕೆ ಹಾಕೋ ಯೂರಿಯಾ ನೀರಿನ ಟ್ಯಾಂಕ್ ಅರ್ಧ ಇದೆ. ಆಯಿಲ್ ಸರಿ ಇದೆ, ಎಂಜಿನ್ ಬಿಸಿ ಆಗಿಲ್ಲ. ಎಂಜಿನ್ನಿಗೆ ಏನೂ ರೋಗ ಇಲ್ಲ! ಸೈಲೆನ್ಸರ್ ಹತ್ರ ಇರೋ ಹೆಬ್ಬೆರಳು ಗಾತ್ರದ ಒಂದು ಸೆನ್ಸರ್, ಹೊಗೆ ಸರಿಯಾಗಿ ಶುದ್ಧ ಆಗ್ತಿಲ್ಲ ಅಂತ ಸುಳ್ಳು ಲೆಕ್ಕ ಕೊಡ್ತು. ಅದನ್ನ ನಂಬಿ ಒಳಗಿನ ಕಂಪ್ಯೂಟರು ಎಂಜಿನ್ ತಾಕತ್ತನ್ನೇ ಇಳಿಸಿಬಿಡ್ತು. ಇದು ಕೆಟ್ಟುಹೋಗಿದ್ದಲ್ಲ, ಹೀಗೇ ಆಗಬೇಕು ಅಂತಲೇ ಮಾಡಿಟ್ಟಿರೋದು. ಯೂರಿಯಾ ಹಾಕದೆ ಯಾರೂ ಓಡಿಸಬಾರದು ಅನ್ನೋ ಕಾರಣಕ್ಕೆ. ಕಾರಣ ಒಪ್ತೀನಿ. ಆದ್ರೆ ಅದನ್ನ ಮಾಡಿಟ್ಟವರು ಗಾಡಿ, ಲೋಡು ಸೇರಿ 28 ಟನ್ ಎಳ್ಕೊಂಡು ಮಳೆಗಾಲದ ನಡುರಾತ್ರಿ ಘಾಟಿಯ ಏರಲ್ಲಿ ಒಂದು ಸಲನಾದ್ರೂ ಕೂತಿದ್ರಾ? ಕೂತಿದ್ರೆ "ಮೇಲೆ ಸಮತಟ್ಟು ಜಾಗ ಸಿಗೋವರೆಗೆ ಹೋಗು, ಅಲ್ಲಿ ನಿಲ್ಲು" ಅಂತ ಒಂದು ದಾರಿ ಬಿಟ್ಟಿರ್ತಿದ್ರು.

ಕೊನೆಗೆ ಗಾಡಿ ನಿಂತ ಜಾಗ ನೋಡಿ ಎದೆ ಧಸಕ್ ಅಂತು. ಎಡಕ್ಕೆ ಗುಡ್ಡ, ಕೆಮ್ಮಣ್ಣು ನೀರು ಧಾರೆಯಾಗಿ ಇಳೀತಿದೆ. 2024ರ ಜುಲೈನಲ್ಲಿ ಇದೇ ಘಾಟಿಯ ದೊಡ್ಡತಪ್ಪಲೆ ಹತ್ರ ಗುಡ್ಡ ಜರಿದು ಗಾಡಿಗಳು ಮಣ್ಣಲ್ಲಿ ಸಿಕ್ಕಾಕೊಂಡಿದ್ದು ನೆನಪಿದೆಯಲ್ಲ? ಅದೇ ತಿಂಗಳು ಅಂಕೋಲದ ಶಿರೂರಲ್ಲಿ ಗುಡ್ಡ ಕುಸಿದು, ಕೇರಳದ ಡ್ರೈವರ್ ಒಬ್ಬರು ಲಾರಿ ಸಮೇತ ಗಂಗಾವಳಿ ಹೊಳೆ ಪಾಲಾದ್ರು. ಲಾರಿ ಸಿಕ್ಕಿದ್ದು ಸೆಪ್ಟೆಂಬರಲ್ಲಿ. ನಮ್ಮಂಥ ಡ್ರೈವರುಗಳಿಗೆ ಅದು ಬರೀ ಟಿವಿ ಸುದ್ದಿ ಅಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಮರದ ಕೊಂಬೆ ಮುರಿದಿಟ್ಟು, ಕ್ಲೀನರ್ ಹುಡುಗನ್ನ ಟಾರ್ಚ್ ಕೊಟ್ಟು ತಿರುವಲ್ಲಿ ನಿಲ್ಲಿಸಿದೆ. ಹತ್ತೊಂಬತ್ತು ವರ್ಷದ ಹುಡುಗ. ಪ್ಲಾಸ್ಟಿಕ್ ಚೀಲ ತಲೆಗೆ ಹಾಕ್ಕೊಂಡು ಬೆಳಗಿನ ಜಾವದವರೆಗೆ ಬರೋ ಗಾಡಿಗಳಿಗೆ ಟಾರ್ಚ್ ಬೀಸ್ತಾ ನಿಂತಿದ್ದ.

ಅಲ್ಲಿ ಸಿಗ್ನಲ್ ಇಲ್ಲ. ಮೇಲಕ್ಕೆ ನಡ್ಕೊಂಡು ಹೋಗಿ ಓನರ್‌ಗೆ ಫೋನ್ ಹಾಕಿದೆ. ಅವರ ಮೊದಲ ಮಾತು "ಏನ್ ಮಾಡ್ದೆ ಗಾಡಿಗೆ?" ನಿನಗೇನಾದ್ರೂ ಆಯ್ತಾ, ಹುಡುಗ ಹೇಗಿದಾನೆ, ಯಾವುದೂ ಇಲ್ಲ. "ನಾನೇನೂ ಮಾಡಿಲ್ಲ ಸಾರ್, ದೀಪ ಹತ್ಕೊಂಡು ಪವರ್ ಹೋಯ್ತು" ಅಂದೆ. "ಹೊಸ ಗಾಡಿ ಸುಮ್ ಸುಮ್ನೆ ಪವರ್ ಹೋಗುತ್ತಾ? ಯೂರಿಯಾ ದುಡ್ಡು ಹೊಡ್ಕೊಂಡು ನೀರು ಹಾಕಿರ್ತೀಯ" ಅಂದ್ರು. 23 ವರ್ಷದ ಸರ್ವಿಸ್ ನನ್ನದು. ಮಳೇಲಿ ನಿಂತು ಆ ಮಾತು ಕೇಳಿಸ್ಕೊಂಡೆ.

ಮೆಕ್ಯಾನಿಕ್ ಬಂದಿದ್ದು ಮರುದಿನ ಹನ್ನೊಂದು ಗಂಟೆಗೆ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್. ವೈರ್ ಚುಚ್ಚಿ ನೋಡಿದ. ಸೆನ್ಸರಿನ ವೈರ್ ಜೋಡಿಸೋ ಕಪ್ಲರ್ ಒಳಗೆ ನೀರು ಹೋಗಿ ಪಿನ್ನು ಹಸಿರು ತಿರುಗಿತ್ತು. ಒರೆಸಿ, ಸ್ಪ್ರೇ ಹೊಡೆದು, ಲ್ಯಾಪ್‌ಟಾಪಲ್ಲಿ ದೋಷ ಅಳಿಸಿದ. ಇಪ್ಪತ್ತು ನಿಮಿಷದ ಕೆಲಸ. ಅಷ್ಟಕ್ಕೆ ಹನ್ನೊಂದು ಗಂಟೆ ಗುಡ್ಡದ ಕೆಳಗೆ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀವಿ. ಚಾಸಿಯ ಕೆಳಗೆ, ಚಕ್ರದ ಕೆಸರು ನೇರ ಬಂದು ಬಡಿಯೋ ಜಾಗದಲ್ಲಿ ಆ ಕಪ್ಲರ್ ಇಟ್ಟಿದಾರೆ. ಅದಕ್ಕೊಂದು ತಗಡಿನ ಮರೆ ಹಾಕಿ ಅಂತ ಹೋದ ವರ್ಷದ ಸರ್ವಿಸಲ್ಲೇ ಹೇಳಿದ್ದೆ. ಡ್ರೈವರ್ ಮಾತು, ಯಾರು ಬರ್ಕೊಳ್ತಾರೆ? ಊರಿಗೆ ಬಂದ ಮೇಲೆ ಎರಡು ದಿನದ ಬತ್ತಾ ಕಟ್. ಲೋಡ್ ಲೇಟಾಯ್ತಂತೆ.

ಗಾಡಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಈಗಿನ ಗಾಡಿಯ ಗುಣ ನನಗೂ ಗೊತ್ತು. ನಾನು ಕ್ಲೀನರ್ ಆಗಿದ್ದಾಗ ನಮ್ಮ ಗುರು ಓಡಿಸ್ತಿದ್ದ ಹಳೇ ಆರು ಚಕ್ರದ ಗಾಡಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ತಿರುವಲ್ಲಿ ಎದ್ದು ನಿಂತು ಸ್ಟೇರಿಂಗ್ ಎಳೀತಿದ್ದ, ಅಂಗೈಯಲ್ಲಿ ಬೊಬ್ಬೆ. ಕ್ಯಾಬಿನ್ ಅಂದ್ರೆ ಮರದ ಹಲಗೆ, ಮೇಲೆ ತಗಡು. ಕಂಪನಿಯಿಂದ ಬರೀ ಮೂತಿ, ಚಾಸಿ ಬರ್ತಿತ್ತು, ಮಿಕ್ಕಿದ್ದನ್ನ ನಾಮಕ್ಕಲ್ ಕಡೆ ಹೋಗಿ ಬಾಡಿ ಕಟ್ಟಿಸ್ಕೊಂಡು ಬರ್ತಿದ್ರು. ಬಣ್ಣ, ಹೂವು, ದೇವರ ಫೋಟೋ ಎಲ್ಲ ಚೆಂದ. ಎದುರಿಂದ ಗುದ್ದಿದ್ರೆ ಬೆಂಕಿಪೊಟ್ಟಣ. ನನ್ನ ಗುರು ಹಾಗೇ ಹೋಗಿದ್ದು. ಇವತ್ತಿನ ಫ್ಯಾಕ್ಟರಿ ಕ್ಯಾಬಿನ್ ಇದ್ದಿದ್ರೆ ಕಾಲು ಹೋಗ್ತಿತ್ತೇನೋ, ಜೀವ ಉಳೀತಿತ್ತು. ಬ್ರೇಕ್ ಹೊಡೆದಾಗ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಬಂದ ಮೇಲೆ ಒದ್ದೆ ರೋಡಲ್ಲಿ ಬ್ರೇಕ್ ಹೊಡೆದ್ರೆ ಗಾಡಿ ಅಡ್ಡಕ್ಕೆ ಜಾರೋದು ಕಮ್ಮಿ ಆಗಿದೆ. ಹೊಗೆ ಇಲ್ಲ. ಮುಂಚೆ ಘಾಟಿ ಹತ್ತಿ ಮೂಗು ಒರೆಸಿದ್ರೆ ಕರ್ಚೀಪು ಕರ್ರಗಾಗ್ತಿತ್ತು.

ಆದ್ರೆ ಹಳೇ ಗಾಡಿಯ ಒಂದು ಗುಣ ಈಗಿನದಕ್ಕೆ ಇಲ್ಲ. ಅದು ನಿಂತ್ರೆ ನಾನೇ ಎಬ್ಬಿಸ್ತಿದ್ದೆ. ಡೀಸೆಲ್ ಲೈನಲ್ಲಿ ಗಾಳಿ ಸೇರಿದ್ರೆ ಕೈಪಂಪ್ ಒತ್ತಿ ಏರ್ ತೆಗೀತಿದ್ದೆ. ಬೆಲ್ಟ್ ಹರಿದ್ರೆ ಸೀಟಿನ ಕೆಳಗೆ ಇನ್ನೊಂದು ಇರ್ತಿತ್ತು. ಸಕಲೇಶಪುರದಲ್ಲಿ ಒಬ್ಬ ಮಿಸ್ತ್ರಿ ಇದ್ರು, ಗಾಡಿ ಗ್ಯಾರೇಜಿನ ಒಳಗೆ ಬರೋ ಮುಂಚೆನೇ ಸದ್ದು ಕೇಳಿ "ಎರಡನೇ ಇಂಜೆಕ್ಟರ್ ನೋಡೋ" ಅಂತಿದ್ರು. ಈಗ ಅಂಥವರ ಕೈಯಲ್ಲಿ ಸ್ಪ್ಯಾನರ್ ಇದೆ, ಗಾಡಿ ಕೇಳೋದು ಲ್ಯಾಪ್‌ಟಾಪು. 2020ರ ಏಪ್ರಿಲಿಂದ ದೇಶಕ್ಕೆಲ್ಲ ಬಿಎಸ್ ಸಿಕ್ಸ್ ಬಂತು. ಎಂಜಿನ್ ಬಂತು, ಸೆನ್ಸರ್ ಬಂತು. ರಾತ್ರಿ ಹೊತ್ತು ಘಾಟಿಗೆ ಬರೋ ಮೆಕ್ಯಾನಿಕ್ ಬರಲಿಲ್ಲ. ಡ್ರೈವರ್‌ಗೆ ಒಂದು ದಿನದ ಟ್ರೈನಿಂಗ್ ಕೂಡ ಕೊಡಲಿಲ್ಲ. ಯಾವ ದೀಪ ಹತ್ಕೊಂಡ್ರೆ ಏನು ಅರ್ಥ ಅಂತ ಕನ್ನಡದಲ್ಲಿ ಒಂದು ಹಾಳೆ? ಅದೂ ಇಲ್ಲ. ಗಾಡಿ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓನರ್ ಮನೆ ಬೀರುವಲ್ಲಿದೆ.

ಯೂರಿಯಾ ಕಥೆ ಇನ್ನೊಂದು. ಬಕೆಟ್ಟಲ್ಲಿ ಬರೋ ಆ ನೀರಲ್ಲಿ ನೂರಕ್ಕೆ 32.5 ಪಾಲು ಯೂರಿಯಾ ಇರಬೇಕು, ಅದೂ ಶುದ್ಧ ಇರಬೇಕು. ಹೈವೇ ಪಕ್ಕ ಕೆಲವರು ಹೊಲಕ್ಕೆ ಹಾಕೋ ಯೂರಿಯಾನೇ ನೀರಲ್ಲಿ ಕಲಸಿ ಬಕೆಟ್ ತುಂಬಿ ಮಾರ್ತಾರೆ. ಕಮ್ಮಿಗೆ ಸಿಗುತ್ತೆ, ಅಲ್ಲೇ ಹಾಕಿಸು ಅಂತ ಹೇಳೋದು ಯಾರು? ಓನರ್ರೇ. ಅದರಿಂದ ಒಳಗೆ ಉಪ್ಪು ಕಟ್ಟಿ ಸಾವಿರಾರು ರೂಪಾಯಿ ಸಾಮಾನು ಹಾಳಾದ್ರೆ ಕಳ್ಳ ಯಾರು? ನಾನು.

ಇನ್ನು ಓನರ್ ಮೊಬೈಲಲ್ಲಿ ಒಂದು ಆ್ಯಪ್ ಇದೆ. ಗಾಡಿ ಎಲ್ಲಿದೆ, ಎಷ್ಟು ಸ್ಪೀಡು, ಎಷ್ಟು ಹೊತ್ತು ಸುಮ್ಮನೆ ಸ್ಟಾರ್ಟಲ್ಲಿ ನಿಂತಿತ್ತು, ಎಲ್ಲ ತೋರಿಸುತ್ತೆ. ಅತ್ತ ಗಾಡಿ ಏನು ಹೇಳುತ್ತೆ? ಸೈಲೆನ್ಸರ್ ಫಿಲ್ಟರಲ್ಲಿ ಮಸಿ ತುಂಬಿದೆ, ಪಕ್ಕಕ್ಕೆ ನಿಲ್ಲಿಸು, ಸ್ಟಾರ್ಟಲ್ಲೇ ಇಡು, ಸುಡಬೇಕು ಅನ್ನುತ್ತೆ. ರೀಜನ್ ಅಂತಾರೆ ಅದಕ್ಕೆ. ಅರ್ಧ ಗಂಟೆ ಎಂಜಿನ್ ಗುರ್ ಅಂತಿರುತ್ತೆ, ಸೈಲೆನ್ಸರ್ ಹತ್ರ ನಿಲ್ಲೋಕಾಗದಷ್ಟು ಕಾವು. ನಿಲ್ಲಿಸಿ ಇನ್ನೂ ಹತ್ತು ನಿಮಿಷ ಆಗಿರಲ್ಲ, ಫೋನ್ ಬರುತ್ತೆ. "ಎಸಿ ಹಾಕ್ಕೊಂಡು ಮಲಗಿದೀಯಾ? ಡೀಸೆಲ್ ನಿಮ್ಮಪ್ಪ ಹಾಕಿಸ್ತಾನಾ?" ನಮ್ಮ ಗಾಡಿಗೆ ಎಸಿನೇ ಇಲ್ಲ! ಗಾಡಿ ಹೇಳಿದ್ದು ಕೇಳಿದ್ರೆ ಓನರ್ ಬೈತಾರೆ, ಓನರ್ ಹೇಳಿದ್ದು ಕೇಳಿದ್ರೆ ಗಾಡಿ ನಿಲ್ಲುತ್ತೆ.

ಲಾರಿ ಮೂತಿ ಮೇಲಿನ ಮಾಡೆಲ್ ನಂಬರ್ ಇದೆಯಲ್ಲ, ಅದನ್ನ ಓದೋಕೆ ಗೊತ್ತಿದ್ರೆ ಬಹಳ ವಿಷಯ ಅರ್ಥ ಆಗುತ್ತೆ. ಸಾಮಾನ್ಯವಾಗಿ ಮುಂದಿನ ಎರಡಂಕಿ ಟನ್ನು, ಹಿಂದಿನ ಎರಡಂಕಿಗೆ ಒಂದು ಸೊನ್ನೆ ಸೇರಿಸಿದ್ರೆ ಸುಮಾರಾಗಿ ಹಾರ್ಸ್ ಪವರು. 1613 ಅಂದ್ರೆ ಗಾಡಿ, ಲೋಡು ಸೇರಿ 16 ಟನ್, ಎಂಜಿನ್ 130. 2018ರಲ್ಲಿ ಸರ್ಕಾರ ಆಕ್ಸಲ್ ಮೇಲೆ ಹಾಕಬಹುದಾದ ಭಾರದ ಮಿತಿ ಏರಿಸ್ತು, ಹತ್ತು ಚಕ್ರದ ಗಾಡಿ 25 ಟನ್ನಿಂದ 28.5ಕ್ಕೆ ಬಂತು. 2518 ಇದ್ದಿದ್ದು 2818 ಆಯ್ತು. ಮುಂದಿನ ಅಂಕಿ ಏರ್ತು, ಹಿಂದಿನದು ಅಲ್ಲೇ ನಿಂತಿದೆ. ಮೂರೂವರೆ ಟನ್ ಜಾಸ್ತಿ ಹೊತ್ಕೊಂಡು ಅದೇ 180 ಕುದುರೆ ಘಾಟಿ ಹತ್ತಬೇಕು. ಬಯಲುಸೀಮೆಯಲ್ಲಿ ಓಡುತ್ತೆ, ತೊಂದ್ರೆ ಇಲ್ಲ. ಹಿರಿಯೂರು, ಚಿತ್ರದುರ್ಗದ ಕಡೆ ಓಡಿಸೋರು ಚಿನ್ನದಂಥ ಗಾಡಿ ಅಂತಾರೆ, ಅವರ ಮಾತು ಸುಳ್ಳಲ್ಲ. ಶಿರಾಡಿಯ ಮಾರನಹಳ್ಳಿ ಏರಲ್ಲಿ ಬಂದು ಹೇಳಲಿ. ಘಾಟಿ ರೂಟಿಗೆ ಇನ್ನೂ ದೊಡ್ಡ ಎಂಜಿನ್ ಬೇಕು ಅಂತ ಒಬ್ಬ ಡ್ರೈವರನ್ನ ಕೇಳಿದ್ರೂ ಹೇಳ್ತಿದ್ದ. ಕಂತು ಜಾಸ್ತಿ ಆಗುತ್ತಲ್ಲ, ಅದಕ್ಕೇ ಕೇಳಲ್ಲ.

ಹತ್ತೋದು ಹಾಗಿರ್ಲಿ, ಇಳಿಯೋದು ಅದಕ್ಕಿಂತ ದೊಡ್ಡ ವಿಷಯ. ಏರಿದ ಗೇರಲ್ಲೇ ಇಳಿ ಅಂತ ನನ್ನ ಗುರು ತಲೆಗೆ ಮೊಟಕಿ ಕಲಿಸಿದ್ದ. ಎಂಜಿನ್ನೇ ಗಾಡೀನ ಹಿಡೀಬೇಕು, ಜೊತೆಗೆ ಹೊಗೆ ದಾರಿ ಅಡ್ಡಗಟ್ಟಿ ಎಂಜಿನ್ನನ್ನ ಹಿಡಿಯೋ ಎಕ್ಸಾಸ್ಟ್ ಬ್ರೇಕ್ ಹಾಕ್ಕೋಬೇಕು, ಕಾಲಿನ ಬ್ರೇಕ್ ಕೊನೆಗೆ. ಸುಮ್ಮನೆ ಒತ್ತುತ್ತಾ ಬಂದ್ರೆ ಡ್ರಮ್ ಕಾದು ಲೈನರ್ ಸುಟ್ಟ ವಾಸನೆ ಬರುತ್ತೆ, ಆಮೇಲೆ ಎಷ್ಟು ತುಳಿದ್ರೂ ಗಾಡಿ ನಿಲ್ಲಲ್ಲ. ಇದೆಲ್ಲ ಗೊತ್ತಿದ್ದೂ ಕೆಲವರು ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತಾರೆ. ಯಾಕೆ? ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡಲೇಬೇಕು, ಕಮ್ಮಿ ಬಂದ್ರೆ ಸಂಬಳದಲ್ಲಿ ಮುರೀತೀನಿ ಅಂತ ಓನರ್ ಹೇಳಿರ್ತಾರೆ. ಘಾಟಿ ರೂಟಿಗೂ ಅದೇ ನಾಲ್ಕು, ತುಮಕೂರು ರೋಡಿಗೂ ಅದೇ ನಾಲ್ಕು. ಹಾಗೆ ಮಾಡಿ ಪ್ರಪಾತಕ್ಕೆ ಹೋದ ದಿನ ಪೇಪರಲ್ಲಿ ಬರೋದು ಒಂದೇ ಸಾಲು: ಚಾಲಕನ ಅಜಾಗರೂಕತೆ. ಆ ನಾಲ್ಕರ ಲೆಕ್ಕ ಯಾವ ಪೇಪರಲ್ಲೂ ಬರಲ್ಲ.

ಕ್ಯಾಬಿನ್ ಒಳಗೆ ಒಂದು ದಿನ ಬಂದು ಕೂರಿ. ಎಂಜಿನ್ ನನ್ನ ಎಡಗಾಲಿನ ಪಕ್ಕದಲ್ಲೇ ಇದೆ, ಮೇಲೊಂದು ಮುಚ್ಚಳ ಅಷ್ಟೆ. ಏಪ್ರಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಡಗಾಲಿನ ಮೀನಖಂಡ ಬೇಯುತ್ತೆ. ನನ್ನ ಕಾಲಲ್ಲಿ ಅಲ್ಲಿ ಕೂದಲೇ ಬೆಳೆಯಲ್ಲ ಈಗ. 2025ರಿಂದ ಹೊಸ ಲಾರಿಗೆ ಎಸಿ ಕಡ್ಡಾಯ ಆಗಿದೆ, ಒಳ್ಳೇದಾಯ್ತು. ಆದ್ರೆ ನನ್ನ ಜೊತೆಯವನ ಹೊಸ ಗಾಡಿಯಲ್ಲಿ ಡೀಸೆಲ್ ತಿನ್ನುತ್ತೆ ಅಂತ ಓನರ್ ಒಂದೇ ತಿಂಗಳಿಗೆ ಎಸಿ ಬೆಲ್ಟ್ ಬಿಚ್ಚಿಸಿದಾರೆ. ಡ್ರೈವರ್‌ಗೆ ದಿನಕ್ಕೆ ಎಂಟು ಗಂಟೆ ಕೆಲಸ ಅಂತ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಇತ್ತು. ನಾನು ಅಪ್ಪಿತಪ್ಪಿಯೂ ಎಂಟು ಗಂಟೆಗೆ ಇಳಿದಿಲ್ಲ. ಮಲಗೋ ಪಟ್ಟಿ ನನ್ನ ಹೆಗಲಿಗಿಂತ ಸ್ವಲ್ಪ ಅಗಲ ಇದೆ, ಮಗ್ಗಲು ಬದಲಾಯಿಸಬೇಕು ಅಂದ್ರೆ ಎದ್ದು ಕೂತು ತಿರುಗಬೇಕು. ಸೊಂಟದ ಡಿಸ್ಕ್ ಸವೆದಿದೆ, ಭಾರ ಎತ್ತಬೇಡಿ, ಕುಲುಕೋ ಗಾಡಿಯಲ್ಲಿ ಕೂರಬೇಡಿ ಅಂದ್ರು ಡಾಕ್ಟ್ರು. ಏನು ಉತ್ತರ ಕೊಡ್ಲಿ ಅವರಿಗೆ?

ಮುಂದಿನ ತಿಂಗಳು ನಮ್ಮ ಓನರ್ ಇನ್ನೊಂದು ಗಾಡಿ ತಗೊಳ್ತಿದಾರೆ, ಹನ್ನೆರಡು ಚಕ್ರದ್ದು. ಅದೂ ಘಾಟಿಗೇ. ಯಾವ ಎಂಜಿನ್ನು, ಯಾವ ಗೇರ್‌ಬಾಕ್ಸು, ಹಾಸನದಲ್ಲಿ ಸರ್ವಿಸ್ ಸಿಗುತ್ತಾ ಇಲ್ವಾ, ಮಲಗೋ ಜಾಗ ಎಷ್ಟಿದೆ, ಇದನ್ನೆಲ್ಲ ಹೇಳೋಣ ಅಂತ ನಿನ್ನೆ ಮನೆ ಹತ್ರ ಹೋಗಿದ್ದೆ. ಹೊರಗಿನ ಜಗಲಿಯಲ್ಲಿ ಮುಕ್ಕಾಲು ಗಂಟೆ ಕೂತೆ. ಒಳಗಿಂದ ಬಂದವರು "ಬುಕ್ಕಿಂಗ್ ಆಯ್ತು, ನೀನು ನಾಳೆ ಪಣಂಬೂರಿಗೆ ಹೊರಡು" ಅಂದ್ರು.

ಇವತ್ತು ಪಣಂಬೂರಲ್ಲೇ ಇದೀನಿ. ಲೋಡ್ ಆಗಿದೆ, ತಾಡಪಾಲು ಕಟ್ಟಾಯ್ತು. ಮಳೆ ಬಿಟ್ಟಿಲ್ಲ. ಕೀ ತಿರುಗಿಸಿದ್ರೆ ಅದೇ ಹಳದಿ ದೀಪ ಮತ್ತೆ ಹತ್ಕೊಂಡಿದೆ. ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿದೆ, ಈ ಸ್ಥಿತಿಯಲ್ಲಿ ರಾತ್ರಿ ಘಾಟಿ ಹತ್ತಲ್ಲ ಸಾರ್ ಅಂತ ಬರೆದೆ. ಎರಡು ಗಂಟೆ ಆಯ್ತು. ನೋಡಿದಾರೆ, ನೀಲಿ ಗೆರೆ ಬಿದ್ದಿದೆ. ಹುಡುಗ ಕ್ಯಾಬಿನಲ್ಲಿ ಟಾರ್ಚ್ ಚಾರ್ಜಿಗೆ ಹಾಕಿಟ್ಟಿದಾನೆ.